ವಲೇರಿಯನ್ ಸರ್ ದಾಟಿಸದ ಮಾತು

ಗೋಡೆಯ ಆ ಕಡೆ ಅವಳು ಕೆಮ್ಮಿದಳು.

ಅಷ್ಟೇ. ಒಂದು ಸಣ್ಣ ಕೆಮ್ಮು, ಅದೂ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದ್ದು. ಈ ಕಡೆ, ದೋಹಾದ ಅಲ್ ಸದ್ದ್ ಆಫೀಸಿನ ಸ್ಟೋರ್ ರೂಮಿನಲ್ಲಿ ಎಸಿ ಫಿಲ್ಟರಿನ ಪೆಟ್ಟಿಗೆಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಬಸವಲಿಂಗನಿಗೆ ಮೈಯೆಲ್ಲ ಝುಂ ಅಂದಿತು. ಮರುಕ್ಷಣ ತನ್ನ ಮೇಲೇ ಸಿಟ್ಟು ಬಂತು. ಯಾರ ಹೆಸರು ಹೇಳಿ ಹಲ್ಲು ಕಡಿಯುತ್ತ ಬಂದಿದ್ದನೋ ಅವಳ ಕೆಮ್ಮಿಗೆ ಮೈ ಹೀಗಾಗುವುದೆಂದರೇನು? ನಾಚಿಕೆಗೇಡು.

ಬಾಗಿಲು ತೆಗೆದು ವಲೇರಿಯನ್ ಸರ್ ಒಳಗೆ ಬಂದರು. ಕಂಪನಿಯ ಅಡ್ಮಿನ್ ಆಫೀಸರ್, ಉಡುಪಿ ಕಡೆಯವರು, ಜೇಬಿನಲ್ಲಿ ಸದಾ ಎರಡು ಪೆನ್ನು. ಕಂಪನಿ ಅವರನ್ನು ಯಾವುದೋ ಹೋಟೆಲಿನಲ್ಲಿ ನಡೆದ ಟ್ರೇನಿಂಗಿಗೆ ಕಳಿಸಿತ್ತು. ಕೆಲಸಗಾರರ ನಡುವಿನ ಜಗಳ ಬಿಡಿಸುವ ಟ್ರೇನಿಂಗ್. ಅಲ್ಲಿಂದ ಬಂದ ಮೇಲೆ ಅವರ ಕೈಗೆ ಸಿಕ್ಕಿದ ಮೊದಲ ಜಗಳ ಇದು.

"ನೋಡು ಬಸವಲಿಂಗ, ಇದು ಕೋರ್ಟ್ ಅಲ್ಲ, ಪೊಲೀಸ್ ಸ್ಟೇಷನ್ ಅಲ್ಲ. ಇದು ಮೀಡಿಯೇಶನ್. ಅಂದ್ರೆ ಎಂತ? ಅವಳು ಆ ಕೋಣೆಯಲ್ಲಿ, ನೀನು ಈ ಕೋಣೆಯಲ್ಲಿ. ನಿನ್ನ ಮಾತು ನಾನು ಅಲ್ಲಿಗೆ ತಗೊಂಡು ಹೋಗ್ತೇನೆ, ಅವಳ ಮಾತು ಇಲ್ಲಿಗೆ ತರ್ತೇನೆ. ಮುಖಾಮುಖಿ ಇಲ್ಲ. ಯಾರು ಸರಿ, ಯಾರು ತಪ್ಪು ಅಂತ ಕೆದಕ್ಲಿಕ್ಕೂ ಇಲ್ಲ."

"ಕೆದಕದಿದ್ರ ಖರೇ ಏನಂತ ಹೆಂಗ ಗೊತ್ತಾಗ್ತೈತ್ರಿ ಸರ?"

"ಗೊತ್ತಾಗುವುದು ಬೇಡ ಮಾರಾಯ. ರಾಜಿ ಆಗುವುದು ಬೇಕು. ಮೂರು ಸಿಟ್ಟಿಂಗ್ ಉಂಟು. ಅಷ್ಟರಲ್ಲಿ ಆಗದಿದ್ರೆ ನಿನ್ನನ್ನು ದುಖಾನ್ ಸೈಟಿಗೆ ಹಾಕ್ತಾರೆ. ಮೇಲಿನಿಂದ ಬಂದ ಮಾತು."

ದುಖಾನ್ ಎಂದರೆ ದೇಶದ ಆ ತುದಿ. ಮರಳು, ಪೈಪು, ಮತ್ತೆ ಮರಳು. ಮರಳಿಗೆ ಬಸವಲಿಂಗ ಹೆದರುವವನಲ್ಲ. ಆದರೆ ದುಖಾನಿನ ಹುಡುಗರಿಗೆ ಕೆಲಸ ಹೇಳುವ ಸೂಪರ್‌ವೈಸರ್ ಬೇರೆ. ಫೋನಿನಲ್ಲಿ ಕೆಲಸ ಹಂಚುವ ಅಲ್ ಸದ್ದ್‌ನ ಡೆಸ್ಕ್ ಅಲ್ಲಿಗೆ ಕೇಳಿಸುವುದಿಲ್ಲ. ಅಂದರೆ ಗೋಡೆಯ ಆಚೆ ಕೂತ ಜೋಆನ್ ಕೇಳಿಸುವುದಿಲ್ಲ.

*

ಅವಳನ್ನು ಅವನು ಕಂಡವನೇ ಅಲ್ಲ. ಟೆಕ್ನಿಷಿಯನ್‌ಗಳು ಯಾರ್ಡಿನಿಂದ ವ್ಯಾನ್ ಹತ್ತುತ್ತಾರೆ, ಯಾರ್ಡಿನಲ್ಲೇ ಇಳಿಯುತ್ತಾರೆ. ಆಫೀಸಿನ ಮೆಟ್ಟಿಲು ಅವರಿಗಲ್ಲ. ಡೆಸ್ಕಿಗೆ ಅವರು ಸ್ಕ್ರೀನಿನ ನಕ್ಷೆಯ ಮೇಲೆ ಚಲಿಸುವ ಚುಕ್ಕಿ. ಡೆಸ್ಕ್ ಎಂದರೆ ಅವರ ಪಾಲಿಗೆ ಕಿವಿಯೊಳಗಿನ ಒಂದು ದನಿ. ಯಾವ ವಿಲ್ಲಾ, ಯಾವ ಮಹಡಿ, ಎಷ್ಟು ಟನ್ನಿನ ಎಸಿ, ಯಲ್ಲಾ, ಹೋಗಿ.

ಹಿಂದಿಯಲ್ಲೇ ಮಾತಾಡುತ್ತಿದ್ದ ಆ ದನಿ ಒಂದು ಚಳಿಗಾಲದ ಬೆಳಿಗ್ಗೆ ಕನ್ನಡಕ್ಕೆ ತಿರುಗಿತು. ಫ್ಯಾನಿನ ಅಂಚಿಗೆ ಬೆರಳು ತಗುಲಿ ಬಸವಲಿಂಗ "ಅಯ್ಯೋ ಯವ್ವಾ" ಅಂದಿದ್ದ. ಡೆಸ್ಕಿಗೆ ಮಾತಾಡುವ ಫೋನಿನ ಗುಂಡಿ ಒತ್ತಿಕೊಂಡೇ ಇತ್ತು. ಆ ಕಡೆಯಿಂದ, ನಗು ತಡೆದುಕೊಂಡ ದನಿಯಲ್ಲಿ, "ನೀವು ಎಲ್ಲಿಯವರು ಮಾರಾಯ್ರೆ?"

"ಹುನಗುಂದ್ರಿ. ಬಾಗಲಕೋಟಿ ಜಿಲ್ಲಾ. ನೀವ್ರಿ?"

"ಶಿರ್ವ. ಬೆರಳಿಗೆ ನೀರು ಹಾಕಿ ಮೊದಲು."

ಆ ದಿನದಿಂದ ಕತಾರಿನ ಬಿಸಿಲಿಗೂ ಒಂದು ಅರ್ಥ ಬಂದಿತ್ತು. ಹೆಚ್ಚಿನ ಮಾತೇನೂ ಇಲ್ಲ. "ಗ್ಯಾಸ್ ತುಂಬಿದ್ರಾ?" "ತುಂಬೀನ್ರಿ." "ಆಯ್ತು, ನಜ್ಮಾದಲ್ಲಿ ಒಂದು ಕೆಫೆಟೇರಿಯಾ ಉಂಟು, ಬೇಗ ಹೋಗಿ." ಇಷ್ಟೇ. ಆದರೆ 'ಉಂಟು' ಎನ್ನುವಾಗ ಅವಳ ದನಿ ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತುತ್ತಿತ್ತು. ಅದನ್ನು ಕೇಳಲೆಂದೇ ಅವನು ಕೆಲಸ ಬೇಗ ಮುಗಿಸಿ, ಇನ್ನೇನಾದರೂ ಉಂಟೇ ಎಂದು ಕಾಯುತ್ತಿದ್ದ. ಯಾರಾದರೂ ಪ್ರೀತಿ ಎಂದಿದ್ದರೆ ಕಪಾಳಕ್ಕೆ ಬಿಡುತ್ತಿದ್ದ. ಕಾಣದ ಹುಡುಗಿಯ ಮೇಲೆ ಪ್ರೀತಿಯಂತೆ!

ಹೀಗೇ ಎರಡು ವರ್ಷ ಕಳೆಯುವ ಹೊತ್ತಿಗೆ ಈ ಜುಲೈ ಬಂತು.

ಜುಲೈನಲ್ಲಿ ಹತ್ತರಿಂದ ಮೂರೂವರೆ ತನಕ ಬಯಲಲ್ಲಿ ಕೆಲಸ ಮಾಡಿಸಕೂಡದು. ಇಲ್ಲಿಯ ಕಾನೂನೇ ಹಾಗೆ. ನಡುಮಧ್ಯಾಹ್ನ ಅಲ್ ಅಜೀಜಿಯಾದ ಒಂದು ವಿಲ್ಲಾಕ್ಕೆ ಹೋಗಲು ಡೆಸ್ಕ್ ಹೇಳಿತು, ಒಳಗಿನ ಯೂನಿಟ್ ಮಾತ್ರ ನೋಡಿ ಬನ್ನಿ ಎಂದು. ಹೋದರೆ ಆ ಮನೆಯ ಡ್ರೈವರ್, "ನಿಮ್ಮ ಆಫೀಸಿನ ಮೇಡಂ ಒಪ್ಪಿದ್ದಾಳೆ, ಟೆರೇಸಿಗೆ ಹತ್ತು" ಎಂದ. ಬಸವಲಿಂಗ ಹತ್ತಿದ. ಹೊರಗಿನ ಯೂನಿಟ್ಟಿನ ತಗಡು ಕಾದು ಕಾವಲಿಯಾಗಿತ್ತು. ಅಂಗೈ ಸುಟ್ಟಿತು. ಕಣ್ಣು ಕತ್ತಲಿಟ್ಟು, ನೀರಿನ ಟ್ಯಾಂಕಿನ ನೆರಳಿಗೆ ತೆವಳಿ ಬಿದ್ದುಕೊಂಡ. ಬಿದ್ದಲ್ಲಿ ಅವನನ್ನು ಸುಟ್ಟದ್ದು ತಗಡಲ್ಲ. ಮೇಡಂ ಒಪ್ಪಿದ್ದಾಳೆ. ಅವಳೇ ಒಪ್ಪಿದ್ದಾಳೆ.

ಇಳಿದು ಬಂದವನು ಅವಳೊಬ್ಬಳಿಗೇ ಕೇಳುವ ಗುಂಡಿ ಒತ್ತಲಿಲ್ಲ. ಎಲ್ಲರಿಗೂ ಕೇಳುವ ಕಾಮನ್ ಲೈನಿನ ಗುಂಡಿ ಒತ್ತಿದ.

"ಎಸಿ ಒಳಗ ಕುಂತು ಗುಂಡಿ ಒತ್ತಾಕಿ ನಿನಗೇನ ಗೊತ್ತು ಬಿಸಲು? ನಾವು ಮನಷ್ಯಾರಲ್ಲ ನಿನಗ! ನಿನ್ನ ಸ್ಕ್ರೀನಿನ ಮ್ಯಾಲಿನ ಚುಕ್ಕಿ! ಒಂದು ಚುಕ್ಕಿ ಸತ್ರ ಇನ್ನೊಂದು ಚುಕ್ಕಿ ಕಳಸಾಕಿ ನೀ!"

ಇನ್ನೂ ಅಂದ. ಬರೆಯಲಾಗದ್ದನ್ನೂ ಅಂದ. ಊರ ತುಂಬ ಹರಡಿದ್ದ ಹುಡುಗರೆಲ್ಲ ಕೇಳಿಸಿಕೊಂಡರು. ಕನ್ನಡ ಬಾರದವರಿಗೂ ಬೈಗುಳ ಚೆನ್ನಾಗಿಯೇ ಅರ್ಥವಾಗುತ್ತದೆ.

ಮರುದಿನದಿಂದ ಅವನ ಕಿವಿಯಲ್ಲಿ ಫಸೀಲಾ ಎಂಬ ಮಲಯಾಳಿ ಹುಡುಗಿಯ ದನಿ. ರಾಜಿ ಆಗುವ ತನಕ ಹೀಗೆಯೇ ಎಂದರು. ಒಳ್ಳೆಯ ಹುಡುಗಿಯೇ. "ಬಸವಾ ಭಾಯ್, ಯಲ್ಲಾ ಯಲ್ಲಾ" ಎನ್ನುತ್ತಿದ್ದಳು. ಆದರೆ ಅವಳು ಯಲ್ಲಾ ಎಂದಾಗಲೆಲ್ಲ ಬಸವಲಿಂಗನಿಗೆ ತನ್ನದೇ ನಾಲಿಗೆ ಕಚ್ಚಿಕೊಳ್ಳಬೇಕು ಅನಿಸುತ್ತಿತ್ತು.

*

"ಏನು ಹೇಳ್ಬೇಕು ಅವಳಿಗೆ? ಹೇಳು, ತಗೊಂಡು ಹೋಗ್ತೇನೆ," ಎಂದರು ವಲೇರಿಯನ್ ಸರ್.

ಸಿಟ್ಟು ಇನ್ನೂ ಗಂಟಲಲ್ಲೇ ಇತ್ತು. "ಹೇಳ್ರಿ. ಮ್ಯಾಲ ಹತ್ತಿದಾವ ನಾನು, ಬಿದ್ದಾವ ನಾನು. ಬೈದದ್ದು ಹೆಚ್ಚಾತೇನೋ, ಸುಳ್ಳಂತೂ ಅಲ್ಲ. ಹಿಂಗಽ ಹೇಳ್ರಿ, ಒಂದಕ್ಷರ ಬಿಡಬ್ಯಾಡ್ರಿ."

ಅವರು ತಲೆ ಅಲ್ಲಾಡಿಸುತ್ತ ಹೋದರು. ಗೋಡೆಯ ಆಚೆ ಗುಸುಗುಸು. ಅವಳ ದನಿ ಕೇಳುತ್ತದೇನೋ ಎಂದು ಬಸವಲಿಂಗ ಜಿಪ್ಸಂ ಗೋಡೆಗೆ ಕಿವಿ ಹಚ್ಚಿದ. ಮಾತು ಕೇಳಲಿಲ್ಲ. ದನಿಯ ಏರಿಳಿತ ಮಾತ್ರ, ಪಕ್ಕದ ಮನೆಯಲ್ಲಿ ಹಚ್ಚಿದ ರೇಡಿಯೋದ ಹಾಗೆ. ಅಷ್ಟಕ್ಕೇ ಕಣ್ಣು ಮುಚ್ಚಿತು. ವಲೇರಿಯನ್ ಸರ್ ಬಾಗಿಲು ತೆಗೆದಾಗ ಅವನು ಗೋಡೆಗೆ ಅಂಟಿಕೊಂಡೇ ಇದ್ದ.

"ಅದು... ಹಲ್ಲಿ ಇತ್ರಿ ಇಲ್ಲೆ."

"ಹಲ್ಲಿ ಬಿಡು. ಕೂತ್ಕೋ. ಅವಳು ಸಾರಿ ಹೇಳಿದ್ದಾಳೆ. ನಿನ್ನ ಕಷ್ಟ ಅವಳಿಗೆ ಅರ್ಥ ಆಗಿದೆಯಂತೆ. ಮತ್ತೆ..." ಅವರು ಕನ್ನಡಕ ಒರೆಸಿಕೊಂಡರು. "ಕೈ ಸುಟ್ಟದ್ದು ಗುಣ ಆಯ್ತಾ ಅಂತ ಕೇಳಿದ್ಳು."

ಬಸವಲಿಂಗ ತನ್ನ ಅಂಗೈ ನೋಡಿಕೊಂಡ. ಕೆಂಪು ಗೆರೆಯೊಂದು ಉಳಿದಿತ್ತು. ಕಟ್ಟಿಕೊಂಡು ಬಂದಿದ್ದ ಸಿಟ್ಟೆಲ್ಲ ಹಗ್ಗ ಬಿಚ್ಚಿದ ಹುಲ್ಲಿನ ಹೊರೆಯಂತೆ ಸುತ್ತ ಚೆಲ್ಲಿಕೊಂಡಿತು.

"ಗುಣಾ ಆತು ಅಂತ ಹೇಳ್ರಿ," ಎಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

*

ಎರಡನೆಯ ಸಿಟ್ಟಿಂಗಿನ ದಿನ ನಜ್ಮಾದಲ್ಲಿ ತಾನಿದ್ದ ರೂಮಿನಲ್ಲಿ ಅವನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಮೇಲಿನ ಮಂಚದಿಂದ ಶೇಖಪ್ಪ ಕಾಲು ಇಳಿಬಿಟ್ಟುಕೊಂಡು ನೋಡುತ್ತಿದ್ದ. ಗದಗಿನವನು, ಇವನ ವ್ಯಾನಿನ ಡ್ರೈವರ್, ವಯಸ್ಸಿನಲ್ಲಿ ದೊಡ್ಡವನು, ಬಾಯಿಗೆ ಬೀಗವಿಲ್ಲದವನು.

"ಲೇ ತಮ್ಮಾ, ಜಗಳಾ ಬಗಿಹರಸಾಕ ಹೊಂಟೀಯೋ, ಕನ್ಯಾ ನೋಡಾಕ ಹೊಂಟೀಯೋ?"

"ಸುಮ್ನಿರಣ್ಣಾ."

"ಅತ್ತರ ಬ್ಯಾರೆ ಬಡಕೊಂಡಾನ ಮಗಾ! ಗ್ವಾಡಿ ಆಚಿ ಕುಂತಾಕಿಗೆ ನಿನ್ನ ಅತ್ತರ ಹೆಂಗ ಮುಟ್ಟಬೇಕಲೇ? ಆ ವಲೇರಿಯನ್ ಸರ್ ಮೂಸಿ ಹೋಗಿ ಹೇಳಬೇಕನು?"

ಬಸವಲಿಂಗ ಇಸ್ತ್ರಿಪೆಟ್ಟಿಗೆ ಎತ್ತಿದ. ಶೇಖಪ್ಪ ಕಾಲು ಮೇಲೆಳೆದುಕೊಂಡ. ಆಮೇಲೆ ದನಿ ತಗ್ಗಿಸಿ ಹೇಳಿದ, "ನೋಡು, ಒಂದು ಮಾತು. ಆಕಿ ಇಗರ್ಜಿ ಮಂದಿ. ನಿನ್ನ ಕೊಳ್ಳಾಗ ಲಿಂಗೈತಿ. ಸಿಟ್ಟು ಬಿಡು, ಕೈ ಮುಗಿ, ಬಾ. ಬ್ಯಾರೆ ಏನೂ ಹಚಗೋಬ್ಯಾಡ."

"ನಾ ಏನ ಹಚಗೊಂಡೀನಿ?"

"ಅಂಗಿ ಸುಡಾಕತ್ತೈತಿ ನೋಡು ಮೊದಲ," ಎಂದ ಶೇಖಪ್ಪ.

ಅಂದು ಸ್ಟೋರ್ ರೂಮಿನಲ್ಲಿ ಕಾಯುವಾಗ ಬಸವಲಿಂಗನ ಕೈಯಿಂದ ಕೀಲಿ ಜಾರಿ ಬಿತ್ತು. ಎರಡು ಕೋಣೆಗಳ ನಡುವೆ ಒಂದು ಬಾಗಿಲಿತ್ತು, ಆ ಕಡೆಯಿಂದ ಚಿಲಕ ಹಾಕಿದ್ದು. ಕೀಲಿ ಎತ್ತಲು ಬಗ್ಗಿದವನಿಗೆ ಬಾಗಿಲಿನ ಕೆಳಗಿನ ಸಂದಿಯಲ್ಲಿ ಅವಳ ಕಾಲು ಕಂಡಿತು.

ಕಂದು ಬಣ್ಣದ ಚಪ್ಪಲಿ. ಒಂದು ಪಾದ ಚಪ್ಪಲಿಯಿಂದ ಹೊರಬಂದು ಕಾರ್ಪೆಟ್ಟಿನ ಮೇಲೆ ಬೆರಳು ಮಡಚಿ ಬಿಚ್ಚಿ ಆಡುತ್ತಿತ್ತು, ಬೇಸರದ ಹುಡುಗಿಯೊಬ್ಬಳು ಕಿಟಕಿಯ ಸರಳು ಹಿಡಿದು ಆಡುವ ಹಾಗೆ. ಹಿಮ್ಮಡಿಯಲ್ಲಿ ಸಣ್ಣ ಬಿರುಕು. ಅಷ್ಟು ದಿನ ದನಿಯಾಗಿದ್ದವಳು ಮೊದಲ ಸಲ ಮೈ ತಳೆದು ಬಂದದ್ದು ಹೀಗೆ, ಪಾದದಿಂದ.

ಅವನು ಉಸಿರು ಬಿಗಿಹಿಡಿದ. ಪಾದ ಥಟ್ಟನೆ ನಿಂತಿತು. ನೋಡುತ್ತಿರುವುದು ಅದಕ್ಕೆ ಗೊತ್ತಾಯಿತೇನೋ. ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಒಂದೊಂದೇ ಬೆರಳು ಚಪ್ಪಲಿಯೊಳಗೆ ಸೇರಿತು. ಪೂರ್ತಿ ಒಳಗೆ ಹೋದ ಮೇಲೂ ಹೆಬ್ಬೆರಳೊಂದು ಎರಡು ಸಲ ಮೇಲೆದ್ದು ಚಪ್ಪಲಿ ಬಡಿಯಿತು. ಬೈದಂತೆಯೂ ಇತ್ತು, ನಕ್ಕಂತೆಯೂ ಇತ್ತು.

ವಲೇರಿಯನ್ ಸರ್ ಬಂದಾಗ ಅವನು ಕೀಲಿ ಹುಡುಕುತ್ತಲೇ ಇದ್ದ.

"ಸರ, ಊಟಕ್ಕ ಏನ ತಂದಾರಂತ ಕೇಳ್ರಿ."

"ಅದಕ್ಕೂ ಮೀಡಿಯೇಶನ್ನಿಗೂ ಎಂತ ಸಂಬಂಧ?"

"ನೀವಽ ಅಂದ್ರಲ್ರಿ, ಮೊದಲ ವಿಶ್ವಾಸ ಬೆಳೀಬೇಕಂತ."

ಗೊಣಗುತ್ತ ಹೋದರು. ಬಂದರು. "ಗಂಜಿ, ಒಣ ಸಿಗಡಿ ಚಟ್ನಿ."

"ಶಿವ ಶಿವಾ!" ಎಂದ ಬಸವಲಿಂಗ ಜೋರಾಗಿ. ಗೋಡೆಯ ಆಚೆ ನಗು ಸಿಡಿಯಿತು. ಸಿಡಿದು, ಬಾಯಿಗೆ ಕೈ ಅಡ್ಡ ಬಂದು, ಅಲ್ಲೇ ನಿಂತಿತು. ಎಷ್ಟೋ ವಾರಗಳ ಮೇಲೆ ಕೇಳಿದ ನಗು.

"ಸರ," ಎಂದ ತಡೆದು ತಡೆದು, "ಇನ್ನೊಂದು ಮಾತ ಒಯ್ರಿ. ಫಸೀಲಾ ಮೇಡಂ ಹೇಳಿದ್ರ ಕೆಲಸಾ ಆಗ್ತೈತಿ, ಏನೂ ಕಡಿಮಿ ಇಲ್ಲ. ಆದ್ರ ಹೊತ್ತು ಹೋಗೂದಿಲ್ರಿ. ಆಕಿ ದನಿ ಕಿವ್ಯಾಗ ಇಲ್ಲಂದ್ರ ಈ ಊರು ಬರೇ ಬಿಸಲು. ಹಿಂಗಽ ಹೇಳ್ರಿ."

ವಲೇರಿಯನ್ ಸರ್ ಅವನನ್ನೇ ನೋಡಿದರು. ಕೆಮ್ಮಿದರು. ಪೆನ್ನು ತೆಗೆದು ಮತ್ತೆ ಜೇಬಿಗಿಟ್ಟರು. "ನೋಡುವ," ಎಂದು ಹೋದರು.

ಆ ಕಾಯುವಿಕೆಯಿತ್ತಲ್ಲ, ಅದರ ಮುಂದೆ ಟೆರೇಸಿನ ತಗಡು ಏನೂ ಅಲ್ಲ.

ಬಂದರು. "ಹೇಳಿದೆ. ಥ್ಯಾಂಕ್ಸ್ ಅಂದ್ಳು."

"ಥ್ಯಾಂಕ್ಸ್?"

"ಹ್ಞೂಂ. ಥ್ಯಾಂಕ್ಸ್."

ಎದೆ ಬಗೆದು ಕೊಟ್ಟರೆ ಥ್ಯಾಂಕ್ಸ್. ಟೀ ಕೊಟ್ಟ ಹುಡುಗನಿಗೂ ಹೇಳುವ ಥ್ಯಾಂಕ್ಸ್! ಬಸ್ಸು ಹಿಡಿಯದೆ ಅವನು ಅಲ್ ಸದ್ದ್‌ನಿಂದ ನಜ್ಮಾಕ್ಕೆ ನಡೆದೇ ಹೋದ. ಟೈಲರ್ ಅಂಗಡಿಗಳು, ಜ್ಯೂಸ್ ಅಂಗಡಿಗಳು, ತಲೆಯ ಮೇಲೆ ಸಾಲುಸಾಲು ಎಸಿ ಡಬ್ಬಿಗಳು ಬಿಸಿಗಾಳಿ ಉಗುಳುತ್ತಿದ್ದವು. ಅವುಗಳಲ್ಲಿ ಎಷ್ಟೋ ಅವನೇ ರಿಪೇರಿ ಮಾಡಿದವು, ಅವಳು ಕಳಿಸಿದಾಗ ಹೋಗಿ. ಈ ಬೋರ್ಡಿನ ಕೆಳಗೆ ನಿಂತಾಗ ಅವಳು ಮಳೆ ಬರುತ್ತದಾ ಅಲ್ಲಿ ಎಂದು ಕೇಳಿದ್ದಳು. ಆ ಮೂಲೆಯಲ್ಲಿ ಕೆಲಸ ಮಾಡಿದ ದಿನ ಅವಳಿಗೆ ಶೀತವಾಗಿತ್ತು, ದನಿ ಒಡೆದಿತ್ತು. ಊರೆಲ್ಲ ಅವಳೇ ತುಂಬಿದ್ದಳು. ಅವಳಿಗೆ ಮಾತ್ರ ಇವನು ಥ್ಯಾಂಕ್ಸ್.

*

ಮೂರನೆಯ ಸಿಟ್ಟಿಂಗಿಗೆ ಇಸ್ತ್ರಿಯೂ ಇಲ್ಲ, ಅತ್ತರೂ ಇಲ್ಲ. ಬಂದು ಕೂತ. ಬಾಗಿಲಿನ ಸಂದಿಯ ಕಡೆ ನೋಡಲೇಬಾರದೆಂದು ಫಿಲ್ಟರ್ ಪೆಟ್ಟಿಗೆಯ ಮೇಲಿನ ಅಕ್ಷರ ಓದುತ್ತ ಕೂತ.

ವಲೇರಿಯನ್ ಸರ್ ಮುಖ ಅರಳಿತ್ತು. "ಗುಡ್ ನ್ಯೂಸ್. ರಾಜಿ ಆದ ಹಾಗೇ ಲೆಕ್ಕ. ಅವಳೇ ಒಂದು ದಾರಿ ಹೇಳಿದ್ದಾಳೆ. ನಿನ್ನ ಲೈನ್ ಪರ್ಮನೆಂಟಾಗಿ ಫಸೀಲಾಳಿಗೆ. ನೀನು ಅವಳಿಗೆ ಮಾತಾಡ್ಲಿಕ್ಕಿಲ್ಲ, ಅವಳು ನಿನಗೆ ಮಾತಾಡ್ಲಿಕ್ಕಿಲ್ಲ. ಜಗಳವೇ ಇಲ್ಲ. ದುಖಾನೂ ಇಲ್ಲ. ಒಂದು ಸೈನ್ ಹಾಕಿದ್ರೆ ಖಲಾಸ್."

"ಆಕಿನಽ ಅಂದ್ಳೇನ್ರಿ?"

"ಅವಳೇ."

"ಯಾಕಂತ?"

"ಯಾಕೆ ಅಂತ ಎಲ್ಲ ಕೆದಕ್ಲಿಕ್ಕಿಲ್ಲ ಅಂತ ಮೊದಲೇ ಹೇಳಿದ್ದೇನೆ."

ಬಸವಲಿಂಗ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. "ಸಾರಿ ಹೇಳಾಕಿ, ಕೈ ಗುಣಾ ಆತೇನಂತ ಕೇಳಾಕಿ, ಈಗ ದನಿ ಸೈತ ಬ್ಯಾಡ ಅಂತಾಳ? ಇದ್ಯಾವ ರಾಜಿ ರೀ ಸರ? ಇದಕ್ಕಿಂತ ದುಖಾನ್ ಭೇಸಿ! ಅಲ್ಲಿ ಮರಳಾರ ಖರೇ ಐತಿ!"

"ಏ, ಏ, ಬಸವಲಿಂಗ! ಪ್ರೋಸೆಸ್ ಉಂಟು..."

ಪ್ರೋಸೆಸ್ ಹಾಳುಬಿತ್ತು. ಅವನು ಸೀದಾ ನಡುವಿನ ಬಾಗಿಲಿಗೆ ಹೋಗಿ ಅಂಗೈಯಿಂದ ಬಡಿದ. "ರೀ ಡೆಸ್ಕ್! ತಗೀರಿ! ಏನ ಅನ್ನೂದೈತಿ ನನ್ನ ಮಾರಿ ನೋಡಿ ಅನ್ರಿ!"

ಚಿಲಕ ಸರಿಯಿತು.

ಬಾಗಿಲಲ್ಲಿ ನಿಂತವಳು ಅವನ ಹೆಗಲಿಗೂ ಬರುತ್ತಿರಲಿಲ್ಲ. ಕನ್ನಡಕ. ನಿದ್ದೆಗೆಟ್ಟ ಕಣ್ಣು. ಹೆಡ್‌ಸೆಟ್ ಹಾಕಿ ಹಾಕಿ ನೆತ್ತಿಯ ಕೂದಲು ಒಂದು ಪಟ್ಟಿಯಾಗಿ ಒತ್ತಿಕೊಂಡಿತ್ತು, ಬಲಗಿವಿಯ ಮೇಲೆ ಕೆಂಪು ಗುರುತು. ಬಸವಲಿಂಗನ ಕಣ್ಣು ಆ ಕಿವಿಯ ಮೇಲೆ ನಿಂತಿತು. ಇಷ್ಟು ಚಿಕ್ಕ ಕಿವಿ. ಇದರೊಳಗೇ ಅವನು ಅಂದು ಅಷ್ಟೂ ಬೈಗುಳ ಸುರಿದಿದ್ದ.

"ಹೇಳಿ," ಎಂದಳು ಜೋಆನ್. "ಬಾಗಿಲು ಮುರಿಯುವ ಹಾಗೆ ಬಡಿದ್ರಿ. ಈಗ ಎಂತ, ಮಾತೇ ಹೋಯ್ತಾ?"

"ನೀವ... ಸಾರಿ ಅಂದಿದ್ರಿ. ನಾ ನಂಬಿದ್ದೆ."

"ನಾನಾ?" ಅವಳ ಹುಬ್ಬು ಕನ್ನಡಕದ ಮೇಲೆ ಏರಿತು. "ನಾನು ಸಾರಿ ಹೇಳಿಲ್ಲ. ನಾನ್ಯಾಕೆ ಹೇಳ್ಬೇಕು? ನೀವು ಸಾರಿ ಕೇಳಿದ್ರಿ ಅಂತ ವಲೇರಿಯನ್ ಅಂಕಲ್ ಬಂದು ಹೇಳಿದ್ರು. ಕಣ್ಣಲ್ಲಿ ನೀರು ಬಂದಿತ್ತು ಅಂತ ಬೇರೆ!"

"ನನ್ನ ಕಣ್ಣಾಗ? ನೀರು?"

ಇಬ್ಬರೂ ಒಟ್ಟಿಗೆ ವಲೇರಿಯನ್ ಸರ್ ಕಡೆ ತಿರುಗಿದರು. ಅವರು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸುವುದರಲ್ಲಿ ಭಾರೀ ಮಗ್ನರಾಗಿದ್ದರು.

"ಅದು... ಸ್ವಲ್ಪ ಮೆತ್ತಗೆ ಮಾಡಿದೆ," ಎಂದರು ಕುರ್ಚಿಗೆ. "ಇವನು ಒಂದಕ್ಷರ ಬಿಡಬೇಡಿ ಅಂತಾನೆ, ನೀನು ಅವನ ಮುಖ ಸಹ ನೋಡುವುದಿಲ್ಲ ಅಂತೀಯ. ಇದ್ದ ಹಾಗೇ ದಾಟಿಸಿದ್ರೆ ಮೂರು ಸಿಟ್ಟಿಂಗ್ ಅಲ್ಲ, ಮೂರು ಜನ್ಮ ಬೇಕು."

"ಹಂಗಾರ ಕೈ ಕೇಳಿದ್ದು? ಅದೂ ನಿಮ್ಮದಽ ಏನ್ರಿ?"

"ಅದು ನಾನು ಕೇಳಿದ್ದು," ಎಂದಳು ಜೋಆನ್.

ದನಿ ಒಂದು ಮೆಟ್ಟಿಲು ಇಳಿಯಿತು. ಬಸವಲಿಂಗ ಅವಳನ್ನೇ ನೋಡಿದ. ಅವಳು ನೋಡಲಿಲ್ಲ.

"ಆ ಮನೆಯ ಡ್ರೈವರ್ ಕೇಳಿದ್ದಕ್ಕೆ ನಾನು ಒಪ್ಪಿಲ್ಲ," ಎಂದಳು. "ಟೆರೇಸಿಗೆ ಹತ್ತಿಸಬಾರದು ಅಂತ ಎರಡೆರಡು ಸಲ ಹೇಳಿದ್ದೇನೆ. ನೀವು ಒಂದು ಮಾತು ನನ್ನನ್ನು ಕೇಳಿದ್ರಾ? ಚುಕ್ಕಿ ಅಂದ್ರಲ್ಲ, ಹೌದು, ನನ್ನ ಸ್ಕ್ರೀನಿನಲ್ಲಿ ನೀವು ಚುಕ್ಕಿಯೇ. ಆ ಚುಕ್ಕಿ ಅಲ್ಲಾಡದೆ ನಿಂತಿತ್ತು. ನಾನು ಕರೀತಾ ಇದ್ದೆ, ಕರೀತಾ ಇದ್ದೆ, ನಿಮ್ಮ ಉತ್ತರವೇ ಇಲ್ಲ. ಆ ಮನೆಗೆ ಬೇರೆ ಹುಡುಗರನ್ನು ಓಡಿಸಿದೆ. ಕೊನೆಗೆ ನಿಮ್ಮ ದನಿ ಬಂತು. ಬದುಕಿದ್ದೀರಿ ಅಂತ ನಾನು ದೇವರಿಗೆ ಥ್ಯಾಂಕ್ಸ್ ಹೇಳ್ಬೇಕು ಅನ್ನುವಷ್ಟರಲ್ಲಿ ನೀವು ಎಲ್ಲರಿಗೂ ಕೇಳುವ ಹಾಗೆ..."

ಮುಂದೆ ಅವಳಿಂದ ಆಗಲಿಲ್ಲ. ಕನ್ನಡಕ ತೆಗೆದು ಕುರ್ತಾದ ತುದಿಯಿಂದ ಒರೆಸಿದಳು.

ಯಾವ ಮಾತನ್ನು ಬಸವಲಿಂಗ ವಾರಗಟ್ಟಲೆ ಹಲ್ಲಿನ ಸಂದಿಯಲ್ಲಿ ಹಿಡಿದುಕೊಂಡಿದ್ದನೋ ಅದು ಸುಳ್ಳಾಗಿತ್ತು. ಯಾವನೋ ಒಬ್ಬ ಡ್ರೈವರ್ ಹೇಳಿದ ಸುಳ್ಳು. ಅದನ್ನು ನಂಬಲು ಅವನಿಗೆ ಒಂದು ಗಳಿಗೆ ಸಾಕಾಗಿತ್ತು, ಇವಳನ್ನು ನಂಬಲು ಎರಡು ವರ್ಷವೂ ಸಾಕಾಗಿರಲಿಲ್ಲ.

"ತಪ್ಪಾತ್ರಿ," ಎಂದ. "ಇದು ಸರ್ ಹೇಳಿದ್ದಲ್ಲ. ನಾ ಹೇಳಾಕತ್ತೀನಿ. ಕಾಮನ್ ಲೈನಿನ್ಯಾಗ ಬೈದೀನಿ, ಅಲ್ಲೇ ಎಲ್ಲಾರ ಮುಂದ ಹೇಳ್ತೀನಿ. ಈಗಽ ಹೇಳ್ತೀನಿ." ಫೋನ್ ತೆಗೆದ.

"ಬೇಡ," ಎಂದಳು. ಅವನು ಕೇಳಲಿಲ್ಲ. ಗುಂಡಿ ಒತ್ತಿದ. ಅವನ ಹರಕು ಹಿಂದಿಯಲ್ಲಿ, ದೋಹಾದ ತುಂಬ ಹರಡಿದ್ದ ಅಷ್ಟೂ ಕಿವಿಗಳಿಗೆ ಹೇಳಿದ: ಆ ದಿನ ಡೆಸ್ಕ್ ತಪ್ಪು ಮಾಡಿರಲಿಲ್ಲ, ತಪ್ಪು ನನ್ನದು, ನನ್ನ ನಾಲಿಗೆಯದು, ಮೇಡಂ ಮಾಫಿ ಕೊಡಬೇಕು. ಅತ್ತಲಿಂದ ಯಾರೋ ಸಿಳ್ಳೆ ಹಾಕಿದರು. ಶೇಖಪ್ಪನೇ ಇರಬೇಕು.

ಜೋಆನ್ ಕನ್ನಡಕ ಹಾಕಿಕೊಂಡು ಅವನನ್ನು ಮೊದಲ ಸಲ ಪೂರ್ತಿ ನೋಡಿದಳು. ಕಾಲಿನಿಂದ ಶುರು ಮಾಡಿ, ಅಂಗೈಯ ಹತ್ತಿರ ಸ್ವಲ್ಪ ತಡೆದು, ಮುಖದ ತನಕ. ಮುಖಕ್ಕೆ ಬಂದಾಗ ಅವಳ ತುಟಿಯ ಒಂದು ಮೂಲೆ ಅವಳ ಅಪ್ಪಣೆ ಇಲ್ಲದೆಯೇ ಮೇಲೆದ್ದಿತು.

"ದನಿ ಕೇಳಿ ನಾನು ದೊಡ್ಡ ಮೀಸೆ ಇರ್ಬಹುದು ಅಂದ್ಕೊಂಡಿದ್ದೆ," ಎಂದಳು.

"ಬಿಡ್ತೀನ್ರಿ ಬೇಕಂದ್ರ." ಅವನು ನಗಲಿಲ್ಲ. "ಜಗಳಾ ಮುಗೀತು. ಇನ್ನ ಲೈನ್ ಯಾಕ ಬ್ಯಾಡ? ಅದೂ ಸರ್ ಕಟ್ಟಿದ್ದೇನ್ರಿ?"

"ಅಲ್ಲ. ಅದು ನಾನು ಹೇಳಿದ್ದೇ." ಅವಳು ವಲೇರಿಯನ್ ಸರ್ ಕಡೆ ನೋಡಿದಳು. "ಆದರೆ ಯಾಕೆ ಅಂತಲೂ ಹೇಳಿದ್ದೆ. ಅಂಕಲ್ ಅದನ್ನು ದಾಟಿಸಿಲ್ಲ ಅಂತ ಕಾಣ್ತದೆ."

ವಲೇರಿಯನ್ ಸರ್ ಕೈ ಎತ್ತಿದರು. "ನಾನು ಹೇಗೆ ದಾಟಿಸ್ಲಿ ಜೋಆನ್? ಪ್ರತಿ ಶುಕ್ರವಾರ, ರಜೆ ದಿನ, ಇಗರ್ಜಿಯಲ್ಲಿ ನಿನ್ನನ್ನು ನೋಡ್ತೇನೆ. ಇವನು ಹೇಳಿದ್ದನ್ನೂ ದಾಟಿಸಿಲ್ಲ, ನೀನು ಹೇಳಿದ್ದನ್ನೂ ದಾಟಿಸಿಲ್ಲ. ಅದನ್ನೆಲ್ಲ ಆ ಕೋಣೆ ಈ ಕೋಣೆ ಹೊತ್ತು ತಿರುಗಿದ್ರೆ ಅದು ಮೀಡಿಯೇಶನ್ ಅಲ್ಲ, ಮದುವೆ ದಲ್ಲಾಳಿ ಕೆಲಸ!"

ಅಂದುಬಿಟ್ಟ ಮೇಲೆ ಅವರ ಕಿವಿ ಕೆಂಪಾಯಿತು. "ನಾನು ಟೀ ತರ್ತೇನೆ," ಎಂದು ಹೊರಟರು. ಟೀ ತರುವುದು ಅವರ ಕೆಲಸವಾಗಿರಲಿಲ್ಲ.

ಬಾಗಿಲಿನ ಈ ಕಡೆ ಅವನು, ಆ ಕಡೆ ಅವಳು. ಹೊಸ್ತಿಲಿಲ್ಲದ ಬಾಗಿಲು.

"ಏನಂದಿದ್ರಿ?" ಎಂದ.

"ನೀವು ಎಂತ ಹೇಳಿದ್ರಿ, ಅದು ಮೊದಲು ಹೇಳಿ."

"ನೀವ ಕಿವ್ಯಾಗ ಇಲ್ಲಂದ್ರ ಈ ಊರು ಬರೇ ಬಿಸಲು ಅಂದಿದ್ದೆ." ಹೇಳುವಾಗ ಅವನ ಕಣ್ಣು ಅವಳ ಚಪ್ಪಲಿಯ ಮೇಲಿತ್ತು.

ಅವಳು ಹೇಳಿದಳು, ಲೈನಿನಲ್ಲಿ ವಿಲ್ಲಾ ನಂಬರ್ ಹೇಳುವಾಗಿನ ಹಾಗೆ, ನಿಧಾನವಾಗಿ, ತಪ್ಪಾಗಬಾರದೆಂದು.

"ನನ್ನ ಕೆಲಸ ಎಂತ? ಕಂಪ್ಲೇಂಟ್ ಬಂದ್ರೆ ಹತ್ತಿರ ಇರುವವರನ್ನು ಕಳಿಸುವುದು. ಈ ಬೇಸಿಗೆ ಶುರುವಾದಾಗಿಂದ, ನೀವು ಹತ್ತಿರ ಇದ್ರೂ ನಾನು ದೂರದವರನ್ನು ಕಳಿಸ್ತಿದ್ದೆ. ಟೆರೇಸಿನ ಕೆಲಸ ಬಂದ್ರೆ ನಿಮ್ಮ ಹೆಸರು ದಾಟಿ ಮುಂದಿನ ಹೆಸರಿಗೆ ಹೋಗ್ತಿದ್ದೆ. ಬೇರೆಯವರು ಸುಡ್ಲಿ, ಇವರು ಬೇಡ ಅಂತ. ಅವರಿಗೂ ಊರಲ್ಲಿ ಅಮ್ಮ ಇಲ್ವಾ? ನೀವು ಬೈದ ದಿನ ನನಗೆ ಬೇಸರ ಆದದ್ದು ಬೈಗುಳಕ್ಕಲ್ಲ. ಎಲ್ಲರನ್ನೂ ಬಿಟ್ಟು ಯಾರನ್ನು ಚುಕ್ಕಿ ಅಲ್ಲ ಅಂದ್ಕೊಂಡಿದ್ದೆನೋ ಅವರೇ ಹಾಗೆ ಅಂದ್ರಲ್ಲ ಅಂತ." ಉಸಿರೆಳೆದುಕೊಂಡಳು. "ನಿಮ್ಮ ಲೈನ್ ನನ್ನ ಕೈಯಲ್ಲಿದ್ರೆ ನಾನು ನ್ಯಾಯವಾಗಿ ಕೆಲಸ ಮಾಡ್ಲಿಕ್ಕೆ ಆಗುವುದಿಲ್ಲ. ಅದಕ್ಕೇ ಬೇಡ ಅಂದೆ."

ಹೊರಗೆ ಯಾವುದೋ ಕಾರು ಹಾರ್ನ್ ಹೊಡೆಯಿತು. ಬಸವಲಿಂಗನ ಜೀವಮಾನದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹುಡುಕಿದರೂ ಒಂದು ಚೂರು ಸಿಗಲಿಲ್ಲ.

"ಸೈನ್ ಹಾಕ್ತೀನ್ರಿ," ಎಂದ.

"ಹಾಕಿ. ಹಾಕ್ಲೇಬೇಕು." ಹೇಳಿದಳು, ಆದರೆ ದನಿ ನಡುಗಿತು. "ನಾನು ಎಂತದೂ ಪ್ರಾಮಿಸ್ ಮಾಡುವುದಿಲ್ಲ, ಗೊತ್ತುಂಟಾ? ನ‌ನ್ನ ಮನೆ ಬೇರೆ, ನಿಮ್ಮ ಮನೆ ಬೇರೆ. ಸಿಗಡಿ ಅಂದ್ರೆ ಶಿವ ಶಿವಾ ಅನ್ನುವವರು ನೀವು."

"ಮನೀ ಮಾತು ಆಮ್ಯಾಲ ಆಡೂಣ್ರಿ. ಈಗ ನಿಮ್ಮ ಸ್ವಂತದ ನಂಬರ್ ಕೊಡ್ರಿ."

*

ಮರುದಿನ ಬೆಳಿಗ್ಗೆ ಕಿವಿಯಲ್ಲಿ ಫಸೀಲಾ. "ಬಸವಾ ಭಾಯ್, ಯಲ್ಲಾ ಯಲ್ಲಾ." ಅವನು ಹೋದ. ಅವಳು ಹೇಳಿದಲ್ಲಿಗೆಲ್ಲ ಹೋದ. ಹೊತ್ತು ಹೋಗಲಿಲ್ಲ. ಡೆಸ್ಕಿನ ಗುಂಡಿಯ ಮೇಲೆ ಬೆರಳು ತಾನಾಗಿ ಹೋಗಿ ಹಿಂದೆ ಬಂತು. ಇನ್ನು ಆ ದನಿ ದಿನವಿಡೀ ಜೊತೆಗಿರುವುದಿಲ್ಲ. ಗೇಜ್ ನೋಡುವಾಗ, ನಟ್ಟು ಬಿಗಿಯುವಾಗ, ಏಣಿಯ ಮೇಲೆ ನಿಂತಾಗ ಇರುವುದಿಲ್ಲ. ಗೆದ್ದದ್ದೋ ಸೋತದ್ದೋ ತಿಳಿಯದೆ ಅವನು ಅರ್ಧ ದಿನ ಕಳೆದ.

ಬಯಲಿನ ಕೆಲಸಕ್ಕೆ ತಡೆಯಿದ್ದ ಹೊತ್ತಿಗೆ ವ್ಯಾನು ಒಂದು ವಿಲ್ಲಾದ ಕಾಂಪೌಂಡಿನ ನೆರಳಲ್ಲಿ ನಿಂತಿತ್ತು. ಸೀಟು ಹಿಂದಕ್ಕೆ ಚಾಚಿ ಶೇಖಪ್ಪ ಗೊರಕೆ ಹೊಡೆಯುತ್ತಿದ್ದ. ಬಸವಲಿಂಗ ಇಳಿದು ಗೋಡೆಗೆ ಆನಿಕೊಂಡು ಕೂತಿದ್ದ. ಫೋನ್ ರಿಂಗಾಯಿತು.

"ನಾನು," ಎಂದಳು. "ಮೆಟ್ಟಿಲ ಹತ್ತಿರ ಬಂದಿದ್ದೇನೆ. ಬ್ರೇಕ್."

"ಹ್ಞಾಂ ರೀ."

ಎರಡು ವರ್ಷ ಅವರ ನಡುವೆ ಆಡಿದ್ದೆಲ್ಲ ಕೆಲಸದ ಮಾತು. ಕೆಲಸ ತೆಗೆದಿಟ್ಟ ಮೇಲೆ ಇಬ್ಬರ ಬಾಯಲ್ಲೂ ಏನೂ ಉಳಿದಿರಲಿಲ್ಲ. ಅವಳ ಉಸಿರು ಇವನಿಗೆ, ಇವನ ಉಸಿರು ಅವಳಿಗೆ.

"ಎಂತ ಮಾರಾಯ್ರೆ? ಏನಾದ್ರೂ ಹೇಳಿ."

"ಏನ ಹೇಳ್ಲಿರೀ... ಬರವಲ್ದು."

"ಬೈಯಿರಿ ಬೇಕಾದ್ರೆ. ಅದು ಚೆನ್ನಾಗಿ ಬರ್ತದಲ್ಲ."

ಅವನು ನಕ್ಕ. ನಗುತ್ತ ತಲೆ ಎತ್ತಿದಾಗ ಎದುರಿನ ಗೋಡೆಯಲ್ಲಿ ಎಸಿಯ ನೀರು ಹೋಗುವ ಸಣ್ಣ ಪೈಪು ಕಂಡಿತು. ಅದರ ತುದಿಗೆ ಗೊರವಂಕವೊಂದು ಜೋತುಬಿದ್ದು ಕೊಕ್ಕು ತೆರೆದಿತ್ತು.

"ಇಲ್ಲೊಂದು ಹಕ್ಕಿ ಐತ್ರಿ," ಎಂದ. "ಎಸಿ ಪೈಪಿಗೆ ಬಾಯಿ ಹಚ್ಚೈತಿ. ಒಂದೊಂದಽ ಹನಿ ಬೀಳ್ತಾವು. ಒಂದು ಕುಡೀತೈತಿ, ಸುತ್ತ ನೋಡ್ತೈತಿ, ಮತ್ತ ಬಾಯಿ ತೆರೀತೈತಿ."

"ಹಾರಿ ಹೋಯ್ತಾ?"

"ಇಲ್ರಿ. ಮುಂದಿನ ಹನಿ ಕಾಯಾಕತ್ತೈತಿ."

"ಹೇಳ್ತಾ ಇರಿ," ಎಂದಳು. ದನಿ ಒಂದು ಮೆಟ್ಟಿಲು ಇಳಿದು, ಈ ಸಲ ಅಲ್ಲೇ ಕೂತುಕೊಂಡಿತು. "ನನ್ನ ಬ್ರೇಕ್ ಇನ್ನೂ ಉಂಟು."

ಬಸವಲಿಂಗ ಹೇಳುತ್ತ ಹೋದ. ಹಕ್ಕಿ ಬೆಚ್ಚಬಾರದೆಂದು ಫೋನಿಗೆ ತುಟಿ ತಾಗಿಸಿ, ಜೀವಮಾನದಲ್ಲಿ ಎಂದೂ ಆಡದಷ್ಟು ಮೆಲ್ಲಗೆ.